ಮಾಯದ ಗಾಯ, ಒಂದು ಭಾಗಾಕಾರ

ಮುಂಬೈನ ಮಾಟುಂಗದ ನಮ್ಮ ಪಕ್ಕದ ಮನೆಯ ಅಕ್ಕ ಗಂಡನ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ, ರಿಪೋರ್ಟ್ ಹಿಡಿದು ಬಂದರು. ಕ್ಯಾನ್ಸರ್ ಅಂತ ಮೂತ್ರಕೋಶ ತೆಗೆದು ಎಂಟು ದಿನ. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆಯವು ಶೇ. 81, ಲಿಂಫೊಸೈಟ್ ಎಂಬವು ಶೇ. 9. ಮೊಬೈಲಿನಲ್ಲಿ ಭಾಗಿಸಿಯೂ ಆಗಿತ್ತು: 9. “3ರ ಮೇಲೆ ಹೋದ್ರೆ ಕಷ್ಟ ಅಂತೆ. ರಕ್ತಶುದ್ಧಿ ಕಷಾಯ ಕೊಟ್ರೆ ಇಳೀತದಾ ಅಣ್ಣ?”

ಈ ಭಾಗಾಕಾರ ಸುಳ್ಳಲ್ಲ. ಆಪರೇಷನ್ನಿಗೆ ಮುಂಚೆ ಈ ಅನುಪಾತ ಹೆಚ್ಚಿದ್ದವರಲ್ಲಿ ರೋಗ ಮರುಕಳಿಸುವುದು ಹೆಚ್ಚು, ಆಯುಸ್ಸು ಸರಾಸರಿಯಲ್ಲಿ ಕಡಿಮೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ. ಉರಿಯೂತ (ಗಾಯಕ್ಕೆ, ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ) ಇದ್ದಾಗ ಹೆಚ್ಚುವ ಸಿಆರ್‌ಪಿ ಎಂಬ ಪ್ರೋಟೀನ್ ಏರಿದ್ದರೆ, ರಕ್ತದ ಇನ್ನೊಂದು ಪ್ರೋಟೀನ್ ಆಲ್ಬುಮಿನ್ ಇಳಿದಿದ್ದರೆ, ಅದೂ ಅಂಥದ್ದೇ ಸೂಚನೆ.

ಯಾಕೆ ಹೀಗೆ ಎಂಬುದೇ ನನ್ನನ್ನು ಬೆರಗುಗೊಳಿಸುವ ಸಂಗತಿ. ಗಡ್ಡೆಯೊಳಗೆ ಬಿಳಿ ರಕ್ತಕಣಗಳು ಸೇರಿಕೊಂಡಿರುವುದನ್ನು ಜರ್ಮನಿಯ ವೈದ್ಯ ವಿರ್ಶೊ 1863ರಲ್ಲೇ ಗಮನಿಸಿದ್ದರು. 1986ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೋರಾಕ್ ಕ್ಯಾನ್ಸರ್ ಗಡ್ಡೆಯನ್ನು ಮಾಯದ, ಅಂದರೆ ವಾಸಿಯಾಗದ, ಗಾಯ ಎಂದು ಕರೆದರು. ನಮ್ಮ ಮುಂಬೈನ ಲಾಲ್‌ಬಾಗ್‌ನಲ್ಲಿ ಯಾರೋ ರಸ್ತೆ ಅಗೆದು ಮುಚ್ಚದೇ ಬಿಟ್ಟಂತೆ: ರಿಪೇರಿಗೆ ಆಳುಗಳು ಬರುತ್ತಲೇ ಇರುತ್ತಾರೆ, ಜಲ್ಲಿ ಬೀಳುತ್ತಲೇ ಇರುತ್ತದೆ, ಕೆಲಸ ಮಾತ್ರ ಮುಗಿಯದು. ಗಡ್ಡೆ ಕಳಿಸುವ ಸಂಕೇತಗಳಿಗೆ ಮೂಳೆಮಜ್ಜೆ ನ್ಯೂಟ್ರೋಫಿಲ್‌ಗಳನ್ನು ಹುಟ್ಟಿಸುತ್ತದೆ, ಯಕೃತ್ತು ಸಿಆರ್‌ಪಿ ಸುರಿಸುತ್ತದೆ. ಬಂದ ಆಳುಗಳು ಕೊನೆಗೆ ಗಡ್ಡೆಗೇ ದುಡಿಯುತ್ತಾರೆ. ಅದಕ್ಕೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತಾರೆ, ಕ್ಯಾನ್ಸರ್ ಕೊಲ್ಲಬೇಕಾದ ಲಿಂಫೊಸೈಟ್‌ಗಳ ಕೈ ಕಟ್ಟುತ್ತಾರೆ. ಇನ್ನೂ ಸೋಜಿಗವೆಂದರೆ, ನ್ಯೂಟ್ರೋಫಿಲ್ ತನ್ನ ಡಿಎನ್‌ಎಯನ್ನೇ ಬೀಸುಬಲೆಯಂತೆ ಹೊರಗೆಸೆಯುತ್ತದೆ. ಬ್ಯಾಕ್ಟೀರಿಯಾ ಹಿಡಿಯಲು ಬೀಸಿದ ಬಲೆ ಅದು. ರಕ್ತದಲ್ಲಿ ತೇಲುವ ಕ್ಯಾನ್ಸರ್ ಕೋಶ ಅದಕ್ಕೆ ಸಿಕ್ಕಿಕೊಂಡರೆ ಅಲ್ಲೇ ನೆಲೆ ಕಂಡುಕೊಳ್ಳಬಹುದು.

ಆದರೆ ಹಲ್ಲಿನ ಕೀವು, ಮೂತ್ರದ ಸೋಂಕು, ಸ್ಟಿರಾಯ್ಡ್ ಮಾತ್ರೆ, ಇವೂ ಅನುಪಾತವನ್ನು ಏರಿಸುತ್ತವೆ. ಆಪರೇಷನ್ನಂತೂ ಏರಿಸಿಯೇ ಏರಿಸುತ್ತದೆ, ಅದೂ ಗಾಯವೇ ತಾನೆ! ಎಲ್ಲರೂ ಒಪ್ಪಿದ ಒಂದು ಗಡಿಸಂಖ್ಯೆಯೂ ಇಲ್ಲ. ಇನ್ನು ರಕ್ತವನ್ನು ‘ಶುದ್ಧಿ’ ಮಾಡಿ ಉರಿಯೂತ ಇಳಿಸುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಉರಿಯೂತವೆಲ್ಲ ಶತ್ರುವಲ್ಲ. ನಮ್ಮ ತೋಳಿನ ಮೇಲೆ ಕಲೆ ಬಿಟ್ಟ ಬಿಸಿಜಿ ಲಸಿಕೆಯನ್ನೇ ಮೂತ್ರಕೋಶದೊಳಗೆ ಬಿಟ್ಟು, ಬೇಕೆಂದೇ ಉರಿಯೂತ ಎಬ್ಬಿಸಿ, ಸ್ನಾಯುವಿಗೆ ಇಳಿಯದ ಕ್ಯಾನ್ಸರನ್ನು ಹತೋಟಿಗೆ ತರುವ ಚಿಕಿತ್ಸೆಯನ್ನು ಕೆನಡಾದ ಆಲ್ವಾರೊ ಮೊರಾಲೆಸ್ 1976ರಲ್ಲೇ ಪ್ರಕಟಿಸಿದ್ದರು. ಇಂದಿಗೂ ಅದು ಬಳಕೆಯಲ್ಲಿದೆ.

“ಆಪರೇಷನ್ನಿಗೆ ಮುಂಚಿನ ರಿಪೋರ್ಟ್ ಎಲ್ಲಿ ಅಕ್ಕ?” ಎಂದೆ. ಫೈಲಿನ ತಳದಿಂದ ತೆಗೆದರು: 60, 28. ಎರಡಕ್ಕಿಂತ ತುಸು ಹೆಚ್ಚು. ಅದರ ಹಿಂದೆಯೇ ಆಪರೇಷನ್ನಿನಲ್ಲಿ ತೆಗೆದ ಭಾಗಗಳ ಬಯಾಪ್ಸಿ ರಿಪೋರ್ಟ್ ಇತ್ತು. ಯಾವ ಅನುಪಾತಕ್ಕಿಂತಲೂ ಹೆಚ್ಚು ತೂಕದ ಸಾಲು ಅದರಲ್ಲಿತ್ತು: ದುಗ್ಧಗ್ರಂಥಿಗಳಲ್ಲಿ (ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ತಲುಪುವ ಗಂಟುಗಳು) ಕ್ಯಾನ್ಸರ್ ಇಲ್ಲ. ಅಕ್ಕ ಅದನ್ನು ಓದಿರಲೇ ಇಲ್ಲ.