ಪತ್ತೆಯ ಲೆಕ್ಕ ಮತ್ತು ಸಾವಿನ ಲೆಕ್ಕ

"ಜಗತ್ತಿನಲ್ಲೆಲ್ಲ ಕಿಡ್ನಿ ಕ್ಯಾನ್ಸರ್ ಏರುತ್ತಿದೆಯಂತೆ ಡಾಕ್ಟ್ರೇ, ತಡ ಮಾಡುವುದು ಬೇಡ, ಅಮ್ಮನ ಆ ಕಿಡ್ನಿಯನ್ನೇ ಪೂರ್ತಿ ತೆಗೆದುಬಿಡಿ" ಎಂದು ಇತ್ತೀಚೆಗೆ ಒಬ್ಬರು ನನ್ನೆದುರು ಕುಳಿತು ಒತ್ತಾಯಿಸಿದರು. ಪಿತ್ತಕೋಶದ ಕಲ್ಲಿಗಾಗಿ ಮಾಡಿಸಿದ ಅಲ್ಟ್ರಾಸೌಂಡ್‌ನಲ್ಲಿ ಅವರ ತಾಯಿಯ ಬಲ ಮೂತ್ರಪಿಂಡದಲ್ಲಿ ಎರಡೂವರೆ ಸೆಂಟಿಮೀಟರಿನ ಗಡ್ಡೆಯೊಂದು ಕಂಡಿತ್ತು. ತಾಯಿಯ ಮೇಲಿನ ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ರೋಗ ಪತ್ತೆಯಾಗುವವರ ಸಂಖ್ಯೆ ಏರಿತೆಂದರೆ ಸಾಯುವವರ ಸಂಖ್ಯೆಯೂ ಅಷ್ಟೇ ಏರಿತೆಂದು ಭಾವಿಸುವ ಈ ತಪ್ಪನ್ನು ವಾರಕ್ಕೊಮ್ಮೆಯಾದರೂ ತಿದ್ದಬೇಕಾಗಿ ಬರುವುದು ನಿಜಕ್ಕೂ ಬೇಸರ ತರಿಸುತ್ತದೆ.

ಇವು ಎರಡು ಬೇರೆ ಲೆಕ್ಕಗಳು. ಅಲ್ಟ್ರಾಸೌಂಡ್ ಮತ್ತು ಸಿ.ಟಿ. ಸ್ಕ್ಯಾನ್ ಬಳಕೆಗೆ ಬಂದ ಮೇಲೆ ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಮೂತ್ರಪಿಂಡದ ಕ್ಯಾನ್ಸರ್ ಪತ್ತೆಯ ದರ ದಶಕಗಳ ಕಾಲ ಏರುತ್ತಲೇ ಬಂದಿತು, ಏಕೆಂದರೆ ಬೆನ್ನುನೋವಿಗೋ ಪಿತ್ತಕೋಶಕ್ಕೋ ಸ್ಕ್ಯಾನ್ ಮಾಡಿಸಿದವರಲ್ಲಿ ಯಾವ ಲಕ್ಷಣವನ್ನೂ ತೋರದ ಸಣ್ಣ ಗಡ್ಡೆಗಳು ಆಕಸ್ಮಿಕವಾಗಿ ಕಾಣಿಸತೊಡಗಿದವು. ಇಂದು ಅಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳು ಸಿಗುವುದು ಹೀಗೆಯೇ. ಬಲೆಯ ಕಣ್ಣು ಕಿರಿದಾದರೆ ಸಣ್ಣ ಮೀನುಗಳೂ ಸಿಗುತ್ತವೆ, ಅಷ್ಟರಿಂದಲೇ ಕೆರೆಯಲ್ಲಿ ಮೀನು ಹೆಚ್ಚಿತೆಂದು ಹೇಳಲಾಗದು. ಅದೇ ಅವಧಿಯಲ್ಲಿ ಪಶ್ಚಿಮ ಮತ್ತು ಉತ್ತರ ಯುರೋಪಿನ ಅನೇಕ ದೇಶಗಳಲ್ಲಿ ಹಾಗೂ ಅಮೆರಿಕದಲ್ಲಿ ಸಾವಿನ ದರ ಸ್ಥಿರವಾಯಿತು ಅಥವಾ ಇಳಿಯಿತು. ಪತ್ತೆಯ ದರದಲ್ಲಿ ಜಗತ್ತಿನಲ್ಲೇ ಮುಂಚೂಣಿಯಲ್ಲಿರುವ ಜೆಕ್ ಗಣರಾಜ್ಯದಲ್ಲಿಯೂ ಸಾವಿನ ದರ ಇಳಿದಿದೆ. ಹಾಗೆಂದು ಏರಿಕೆಯೆಲ್ಲವೂ ಸ್ಕ್ಯಾನಿನದೇ ಎಂದು ನಾನು ಹೇಳಲಾರೆ: ಧೂಮಪಾನ, ಬೊಜ್ಜು ಮತ್ತು ಅಧಿಕ ರಕ್ತದೊತ್ತಡ ಈ ರೋಗದ ದೃಢಪಟ್ಟ ಕಾರಣಗಳು, ಮತ್ತು ಇವುಗಳಲ್ಲಿ ಬೊಜ್ಜು ಲೋಕದ ಬಹುತೇಕ ಕಡೆ ಹೆಚ್ಚುತ್ತಿದೆ.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ, ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಾದ ಗಡ್ಡೆಗಳಲ್ಲಿ ಸುಮಾರು ಐದರಲ್ಲೊಂದು ಕ್ಯಾನ್ಸರೇ ಆಗಿರುವುದಿಲ್ಲ. ಉಳಿದವುಗಳಲ್ಲಿಯೂ ಹೆಚ್ಚಿನವು ನಿಧಾನವಾಗಿ ಬೆಳೆಯುವಂಥವು. ಗಡ್ಡೆಯ ಜಾಗ, ರೋಗಿಯ ವಯಸ್ಸು, ಇನ್ನೊಂದು ಮೂತ್ರಪಿಂಡದ ಸ್ಥಿತಿ ಇವನ್ನೆಲ್ಲ ನೋಡದೆ ಯಾರಿಗೂ ಭರವಸೆ ಕೊಡಲಾಗದು, ಆದರೂ ಇಂಥ ಬಹುಪಾಲು ರೋಗಿಗಳಲ್ಲಿ ಗಡ್ಡೆಯಿರುವ ಭಾಗವನ್ನಷ್ಟೇ ತೆಗೆದು ಮೂತ್ರಪಿಂಡವನ್ನು ಉಳಿಸಬಹುದು. ವಯಸ್ಸಾಗಿ ಹೃದ್ರೋಗವೂ ಇರುವವರಲ್ಲಿ ಆಗಾಗ್ಗೆ ಸ್ಕ್ಯಾನ್ ಮಾಡಿಸುತ್ತ ಕಾಯುವುದೂ ಚಿಕಿತ್ಸೆಯೇ. ಆ ತಾಯಿಗೆ ನಾವು ಗಡ್ಡೆಯನ್ನಷ್ಟೇ ತೆಗೆದೆವು.

ಹಾಗಾದರೆ ಆತಂಕಪಡಬೇಕಾದ್ದು ಎಲ್ಲಿ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗದ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಮೂತ್ರಪಿಂಡದ ಕ್ಯಾನ್ಸರಿನ ಸುಮಾರು 4.31 ಲಕ್ಷ ಹೊಸ ರೋಗಿಗಳು ಪತ್ತೆಯಾದರು, ಸುಮಾರು 1.79 ಲಕ್ಷ ಮಂದಿ ತೀರಿಕೊಂಡರು. ಎಂದರೆ ಹೊಸ ರೋಗಿಗಳು ನೂರಾದರೆ ಸಾವು 42ರಷ್ಟು. ಭಾರತದಲ್ಲಿ ಹೊಸ ರೋಗಿಗಳು ಸುಮಾರು 17 ಸಾವಿರ, ಸಾವು ಸುಮಾರು 10 ಸಾವಿರ. ಇಲ್ಲಿ ನೂರಕ್ಕೆ 59ರಷ್ಟಾಗುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1982ರಿಂದ ನಡೆಯುತ್ತಿರುವಂಥ ಕ್ಯಾನ್ಸರ್ ರೋಗಿಗಳ ನೋಂದಣಿಗಳು ದೇಶದ ಸ್ವಲ್ಪ ಜನರನ್ನಷ್ಟೇ ಒಳಗೊಳ್ಳುವುದರಿಂದ ಇವು ಅಂದಾಜುಗಳೆಂಬುದನ್ನು ಮರೆಯಬಾರದು, ಈ ಅನುಪಾತದಿಂದ ಯಾವೊಬ್ಬ ರೋಗಿಯ ಆಯುಷ್ಯವನ್ನೂ ಅಳೆಯಬಾರದು. ಆದರೆ ನನ್ನ ಹೊರರೋಗಿ ವಿಭಾಗದಲ್ಲಿ ನಿತ್ಯ ಕಾಣುವುದಕ್ಕೆ ಅದು ಹೊಂದುತ್ತದೆ: ನಮ್ಮಲ್ಲಿ ರೋಗ ಕಡಿಮೆ, ಬಂದವರು ಬರುವುದು ತಡವಾಗಿ.

ಆ ತಾಯಿ ಬಂದ ವಾರವೇ ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. ಹಿಂದಿನ ಕೊಯ್ಲಿನ ಹೊತ್ತಿಗೆ ಎರಡು ದಿನ ಮೂತ್ರದಲ್ಲಿ ರಕ್ತ ಹೋಗಿತ್ತು, ನೋವಿರಲಿಲ್ಲ. ಉಷ್ಣವಾಗಿದೆಯೆಂದು ಮನೆಯವರು ಎಳನೀರು, ಬಾರ್ಲಿ ನೀರು ಕುಡಿಸಿದರು, ರಕ್ತ ನಿಂತಿತು. ಮಳೆಗಾಲದಲ್ಲಿ ಮತ್ತೆ ಕಾಣಿಸಿತು, ಮತ್ತೆ ನಿಂತಿತು. ನನ್ನ ಬಳಿಗೆ ಬರುವಷ್ಟರಲ್ಲಿ ಗಡ್ಡೆ ಹತ್ತು ಸೆಂಟಿಮೀಟರ್ ದಾಟಿ ಶ್ವಾಸಕೋಶಕ್ಕೂ ಹರಡಿತ್ತು. 2005ರ ನಂತರ ಬಂದ ಮಾತ್ರೆಗಳೂ ಆಮೇಲೆ ಬಂದ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿಯೂ ಇಂಥವರ ಆಯುಷ್ಯವನ್ನು ಹೆಚ್ಚಿಸಿವೆ, ಆದರೆ ಅವುಗಳ ಖರ್ಚನ್ನು ವಿವರಿಸುವಾಗ ಮನೆಯವರ ಮುಖ ನೋಡುವುದು ನನಗೆ ಇವತ್ತಿಗೂ ಕಷ್ಟ.

"ತಾನಾಗಿಯೇ ನಿಂತಿತ್ತಲ್ಲ ಡಾಕ್ಟ್ರೇ" ಎಂದು ಅವರು ಕೇಳಿದರು. ಮೂತ್ರಪಿಂಡದ ಗಡ್ಡೆಯಿಂದ ರಕ್ತ ಬಿಟ್ಟುಬಿಟ್ಟು ಸ್ರವಿಸುತ್ತದೆ, ನಡುವೆ ತಿಂಗಳುಗಟ್ಟಲೆ ಮೂತ್ರ ತಿಳಿಯಾಗಿಯೇ ಇರಬಹುದು, ಆದ್ದರಿಂದ ವಯಸ್ಕರಲ್ಲಿ ನೋವಿಲ್ಲದೆ ಒಂದೇ ಒಂದು ಸಲ ರಕ್ತ ಕಂಡರೂ, ಅದು ನಿಂತ ಮೇಲೂ, ಮೂತ್ರ ಪರೀಕ್ಷೆ ಮತ್ತು ಸ್ಕ್ಯಾನ್ ಮಾಡಿಸಲೇಬೇಕು ಎಂದು ನಾನು ಅವರಿಗೆ ವಿವರಿಸಿದೆ. ಜೊತೆಗೆ ಬಂದಿದ್ದ ಅವರ ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮಗೂ ಕಳೆದ ವರ್ಷ ಒಮ್ಮೆ ಹಾಗಾಗಿತ್ತು ಎಂದರು. ಅವರ ಸ್ಕ್ಯಾನನ್ನು ಅಂದೇ ಮಾಡಿಸಿದೆವು.