ಲಾಲ್‌ಬಾಗು, ಬನ್ನೇರುಘಟ್ಟ ಎರಡೂ ಒಂದೇ ದಿನಕ್ಕೆ ಆಗುತ್ತಾ?

ಪ್ರಶ್ನೆ: ದಾವಣಗೆರೆಯಿಂದ ಅಕ್ಕ, ಅವಳ ಇಬ್ಬರು ಮಕ್ಕಳು, ಜೊತೆಗೆ ನಮ್ಮಮ್ಮ ಬೆಂಗಳೂರಿಗೆ ಬರ್ತಿದಾರೆ. ಸಿಗೋದು ಒಂದೇ ಭಾನುವಾರ. ಬೆಳಗ್ಗೆ ಲಾಲ್‌ಬಾಗ್ ನೋಡ್ಕೊಂಡು ಮಧ್ಯಾಹ್ನ ಬನ್ನೇರುಘಟ್ಟ ಸಫಾರಿ ಮುಗಿಸ್ಬಹುದಾ, ಇಲ್ಲ ಒಂದನ್ನ ಬಿಡ್ಬೇಕಾ?

ಒಂದನ್ನ ಬಿಟ್ಬಿಡಿ. ಹೋಗಿ ಬರೋಕೆ ಟೈಮ್ ಸಾಕಾಗುತ್ತೆ, ಅದೇನೂ ಕಷ್ಟ ಇಲ್ಲ, ಆದ್ರೆ ಎರಡು ಜಾಗಕ್ಕೂ ಒಳ್ಳೆ ಹೊತ್ತು ಅಂದ್ರೆ ಬೆಳಗ್ಗೇನೇ, ಅದು ದಿನಕ್ಕೆ ಒಂದೇ ಸಲ ಬರೋದು. ಹನ್ನೊಂದು ಗಂಟೆ ಮೇಲೆ ಲಾಲ್‌ಬಾಗಲ್ಲಿ ಹಕ್ಕಿ ಸದ್ದು ಕಮ್ಮಿ ಆಗಿ ಬಿಸಿಲೇರಿರುತ್ತೆ, ಮಧ್ಯಾಹ್ನ ಬನ್ನೇರುಘಟ್ಟಕ್ಕೆ ಹೋದ್ರೆ ಹುಲಿ ಸಿಂಹ ಎಲ್ಲಾ ನೆರಳು ನೋಡ್ಕೊಂಡು ಮಲಗಿರ್ತವೆ, ಅದರ ಮಧ್ಯೆ ಬನ್ನೇರುಘಟ್ಟ ರೋಡ್ ಟ್ರಾಫಿಕ್ಕಲ್ಲಿ ಮಕ್ಕಳು ಹಸಿವು ಅಂತ ಅಳ್ತಿರ್ತವೆ. ಭಾನುವಾರ, ಜೊತೆಗೆ ಅಮ್ಮ ಬೇರೆ ಇದಾರೆ ಅಂದ್ರೆ ನನ್ನ ಮಾತು ಕೇಳಿ, ಲಾಲ್‌ಬಾಗ್ ಇಟ್ಕೊಳಿ.

ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಹೋಗಿ. ಬೆಳಗ್ಗೆ ಆರಕ್ಕೆಲ್ಲಾ ಗೇಟ್ ತೆಗೆದಿರುತ್ತೆ, ವಾಕಿಂಗ್‌ನವರು ಬರೋ ಹೊತ್ತು ಅದು. ಗ್ರೀನ್ ಲೈನ್ ಮೆಟ್ರೋದಲ್ಲಿ ಲಾಲ್‌ಬಾಗ್ ಸ್ಟೇಷನ್ನಲ್ಲಿ ಇಳಿದ್ರೆ ವೆಸ್ಟ್ ಗೇಟ್ ಅಲ್ಲೇ ಹತ್ರ, ಪಾರ್ಕಿಂಗ್ ತಲೆನೋವು ಇಲ್ಲ, ಆದ್ರೆ ಭಾನುವಾರ ಮೊದಲ ಟ್ರೈನ್ ಬೇರೆ ದಿನಕ್ಕಿಂತ ಲೇಟು, ಹಿಂದಿನ ದಿನಾನೇ ಟೈಮ್ ನೋಡಿಟ್ಕೊಳಿ. ಅಮ್ಮಂಗೆ ಮಂಡಿನೋವು ಇದ್ರೆ ಒಳಗೆ ಬ್ಯಾಟರಿ ಗಾಡಿ ಸಿಗುತ್ತೆ. 240 ಎಕರೆ ಇದೆ, ಪೂರ್ತಿ ಸುತ್ತಲೇಬೇಕು ಅಂತ ಹಠ ಹಿಡೀಬೇಡಿ.

ಹೆಚ್ಚಿನವರು ಗಾಜಿನಮನೆ ಮುಂದೆ ಫೋಟೋ ತೆಗ್ಸಿಕೊಂಡು, ಹೂವಿನ ಗಡಿಯಾರ ನೋಡಿ ವಾಪಸ್ ಬಂದ್ಬಿಡ್ತಾರೆ. ಗಾಜಿನಮನೆ ಚೆನ್ನಾಗಿದೆ ನಿಜ, 1889ರಲ್ಲಿ ಅಡಿಗಲ್ಲು ಹಾಕಿದ್ದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಆದ್ರೆ ಮಕ್ಕಳನ್ನ ಮೊದಲು ಬಂಡೆಗೆ ಕರ್ಕೊಂಡು ಹೋಗಿ, ಅದೇ ಕೆಂಪೇಗೌಡರ ಗೋಪುರ ಇರೋ ಬಂಡೆ. ಅದು ಸುಮಾರು 300 ಕೋಟಿ ವರ್ಷ ಹಳೇದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆ ಆಗಿದೆ, ಡೈನೋಸಾರ್‌ಗಳು ಭೂಮಿ ಮೇಲೆ ಹುಟ್ಟೋಕೆ 250 ಕೋಟಿಗೂ ಹೆಚ್ಚು ವರ್ಷ ಮೊದಲೇ ಈ ಕಲ್ಲು ಇತ್ತು ಅಂತ ಹೇಳಿ ನೋಡಿ, ಮಕ್ಕಳು ಕೂತ್ಕೊಂಡು ಕೈಯಲ್ಲಿ ಮುಟ್ಟಿ ಮುಟ್ಟಿ ನೋಡ್ತವೆ. ಒಳಗೆ ಕಲ್ಲಾಗಿರೋ ಮರದ ತುಂಡೊಂದಿದೆ, ತಮಿಳುನಾಡಿನ ತಿರುವಕ್ಕರೈಯಿಂದ ತಂದಿದ್ದು, ಅದು 2 ಕೋಟಿ ವರ್ಷದ್ದು, ಬಂಡೆ ನೋಡಿದ್ಮೇಲೆ ಅದು ನಿನ್ನೆ ಮೊನ್ನೆಯದು ಅನ್ಸುತ್ತೆ. ಆಮೇಲೆ ಬಿಳಿ ಬೂರುಗದ ಮರ. ಅದರ ಬುಡದ ಬೇರುಗಳು ಗೋಡೆ ಥರ ಎದ್ದಿವೆ, ಪಕ್ಕದಲ್ಲಿ ಮಗು ನಿಂತ್ರೆ ಕಾಣೋದೇ ಇಲ್ಲ. ಕೆರೆ ಕಡೆ ಹೋದ್ರೆ ನೀರುಕಾಗೆ, ಮಿಂಚುಳ್ಳಿ ಸಿಗ್ತವೆ, ಸುಮ್ನೆ ಹತ್ತು ನಿಮಿಷ ಒಂದೇ ಕಡೆ ನಿಂತ್ಕೊಂಡ್ರೆ ಸಾಕು.

ಫ್ಲವರ್ ಶೋ ಟೈಮಲ್ಲಿ ಬರೋದು ಒಳ್ಳೇದಾ ಅಂತ ತುಂಬಾ ಜನ ಕೇಳ್ತಾರೆ. ಜನವರಿಯಲ್ಲಿ ಗಣರಾಜ್ಯೋತ್ಸವಕ್ಕೆ, ಆಗಸ್ಟಲ್ಲಿ ಸ್ವಾತಂತ್ರ್ಯ ದಿನಕ್ಕೆ, ವರ್ಷಕ್ಕೆ ಎರಡು ಸಲ ನಡೆಯುತ್ತೆ. ಶೋ ನೋಡೋ ಆಸೆ ಇದ್ರೆ ವಾರದ ಮಧ್ಯೆ ಬೆಳಗ್ಗೆನೇ ಹೋಗಿ, ರಜಾ ದಿನ ಅಂತೂ ಬೇಡವೇ ಬೇಡ, ಜನರ ಬೆನ್ನು ನೋಡ್ಕೊಂಡು ಬರ್ತೀರ ಅಷ್ಟೇ. ಶೋಗೆ ಕುಂಡದ ಹೂವು ತಂದು ಜೋಡಿಸಿರ್ತಾರೆ, ಆದ್ರೆ ಲಾಲ್‌ಬಾಗ್ ಅಂದ್ರೆ ಮರಗಳು. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, ಟಿಪ್ಪು ಬೇರೆ ಬೇರೆ ದೇಶದಿಂದ ಗಿಡ ತರಿಸಿ ಬೆಳೆಸಿದ್ದು, ಆಮೇಲೆ 1908ರಲ್ಲಿ ಕ್ರುಂಬಿಗಲ್ ಅನ್ನೋ ಜರ್ಮನಿಯವರು ಇಲ್ಲಿಗೆ ಬಂದ್ರು, ಒಂದು ಮರದ ಹೂವು ಮುಗಿಯೋ ಹೊತ್ತಿಗೆ ಇನ್ನೊಂದು ಶುರುವಾಗೋ ಹಾಗೆ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿ ನೆಡಿಸಿದವರು ಅವರೇ. ನನ್ನ ಕೇಳಿದ್ರೆ ಫೆಬ್ರವರಿಯಿಂದ ಮೇ ಒಳಗೆ ಬನ್ನಿ. ಮೊದಲು ಗುಲಾಬಿ ಬಣ್ಣದ ಟಬೂಬಿಯಾ, ಹಿಂದೇನೇ ಹಳದಿ ಟಬೂಬಿಯಾ, ಮಾರ್ಚಲ್ಲಿ ನೀಲಿ ಜಕರಂಡ, ಯುಗಾದಿ ಹೊತ್ತಿಗೆ ಹೊಂಗೆ ಚಿಗುರು, ಏಪ್ರಿಲ್ ಮೇ ತಿಂಗಳಲ್ಲಿ ಕಕ್ಕೆ, ಗುಲ್‌ಮೊಹರ್, ಹೊಳೆ ದಾಸವಾಳ. ಇದಕ್ಕೆಲ್ಲಾ ಯಾವ ಶೋ ಟಿಕೆಟ್ಟೂ ಬೇಡ.

ಸುತ್ತಾಡಿ ಹಸಿವಾದ್ಮೇಲೆ ಮೇನ್ ಗೇಟ್ ಕಡೆಯಿಂದ ಆಚೆ ಬಂದ್ರೆ ಮಾವಳ್ಳಿಯ ಎಂಟಿಆರ್ ಇದೆ, ಭಾನುವಾರ ಕ್ಯೂ ಇರುತ್ತೆ, ಅಮ್ಮನ್ನ ನಿಲ್ಲಿಸ್ಬೇಡಿ, ನೀವು ಹೆಸರು ಬರೆಸಿ ಅವರನ್ನ ಕೂರಿಸಿ.

ಇನ್ನು ಬನ್ನೇರುಘಟ್ಟ. ಮಕ್ಕಳಿಗೆ ಹುಲಿನೇ ಬೇಕು ಅಂದ್ರೆ ಬೇರೆ ದಿನ ಇಡಿ, ಮಂಗಳವಾರ ಮಾತ್ರ ಬೇಡ, ಅವತ್ತು ಝೂ, ಸಫಾರಿ ಎರಡೂ ರಜಾ. ಮೆಜೆಸ್ಟಿಕ್ಕಿಂದ 365 ನಂಬರ್ ಬಸ್ ಇದೆ. ಟಿಕೆಟ್ ಆನ್‌ಲೈನಲ್ಲಿ ಮೊದಲೇ ಮಾಡಿ, ಬೆಳಗಿನ ಮೊದಲ ಸಫಾರಿಗಳಲ್ಲೇ ಸೀಟ್ ಹಿಡಿದು ಅದನ್ನ ಮುಗಿಸಿ, ಝೂ ಆಮೇಲೆ ನೋಡಿ. ಚಿಟ್ಟೆ ಪಾರ್ಕ್ ಬಿಡ್ಬೇಡಿ, 2006ರಲ್ಲಿ ಶುರುವಾಗಿದ್ದು, ದೇಶದಲ್ಲೇ ಮೊದಲನೇದು, ಬಿಸಿಲು ಸ್ವಲ್ಪ ಏರಿದ ಮೇಲೇನೇ ಚಿಟ್ಟೆ ಹಾರೋದು, ಅದಕ್ಕೇ ಸಫಾರಿ ಆದ್ಮೇಲೆ ಹೋದ್ರೆ ಸರಿಹೋಗುತ್ತೆ.

ಒಂದು ವಿಷಯ ಮಕ್ಕಳಿಗೆ ಸರಿಯಾಗಿ ಹೇಳಿ ಅಂತ ಕೇಳ್ಕೋತೀನಿ. ಬಸ್ಸಿಗೆ ಜಾಲರಿ ಹಾಕಿ ಕರ್ಕೊಂಡು ಹೋಗೋ ಆ ಸಫಾರಿ ಕಾಡಲ್ಲ, ಬೇಲಿ ಹಾಕಿದ ದೊಡ್ಡ ಆವರಣ. ಸರ್ಕಸ್ಸಿಂದ ಬಿಡಿಸಿ ತಂದ ಪ್ರಾಣಿಗಳಿಗೆ ಜಾಗ ಕೊಟ್ಟಿದ್ದು ಅದು, ಕರಡಿ ಕುಣಿಸೋರ ಹತ್ರ ಮೂಗಿಗೆ ಹಗ್ಗ ಹಾಕಿಸ್ಕೊಂಡಿದ್ದ ಕರಡಿಗಳಿಗೂ ಅಲ್ಲೊಂದು ರಕ್ಷಣಾ ಕೇಂದ್ರ ಇದೆ. ನಿಜವಾದ ಕಾಡು ಅಂದ್ರೆ 1974ರಲ್ಲಿ ಆದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ, ಝೂ ಸಫಾರಿ ಭಾಗವನ್ನ 2002ರಲ್ಲಿ ಅದರಿಂದ ಬೇರೆ ಮಾಡಿದ್ರು. ಆ ಕಾಡಲ್ಲಿ ಕಾಡಾನೆ ಇವೆ, ಕಾವೇರಿ ಕಡೆ ಕಾಡಿಗೂ ಇಲ್ಲಿಗೂ ಓಡಾಡ್ಕೊಂಡು ಇರ್ತವೆ, ಆ ದಾರಿ ಮಧ್ಯೆ ನಾವು ಲೇಔಟು, ರೆಸಾರ್ಟು ಕಟ್ತಾ ಹೋದ್ರೆ ಅವು ರಾಗಿ ಹೊಲಕ್ಕೆ ಬರದೆ ಇನ್ನೆಲ್ಲಿಗೆ ಹೋಗ್ಬೇಕು?

ಇನ್ನೊಂದು ದಿನ ಸಿಕ್ಕಿದ್ರೆ, ಅದೂ ನವೆಂಬರಿಂದ ಫೆಬ್ರವರಿ ಒಳಗೆ ಆದ್ರೆ, ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗಿ. ಮರ ಇಲ್ಲ ಅಂತ ಅದನ್ನ ಬೀಳು ಜಾಗ ಅನ್ಕೊಂಡವರೇ ಜಾಸ್ತಿ, ಫಿಲ್ಮ್ ಸಿಟಿ ಮಾಡೋ ಯೋಚನೆ ಕೂಡ ಇತ್ತು, ಹಕ್ಕಿ ನೋಡೋರು, ಪರಿಸರದವರು ವರ್ಷಗಟ್ಟಲೆ ಹಿಂದೆ ಬಿದ್ದಿದ್ದಕ್ಕೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ 5,600 ಎಕರೆಗೂ ಹೆಚ್ಚು ಜಾಗವನ್ನ ಸಂರಕ್ಷಣಾ ಮೀಸಲು ಮಾಡೋಕೆ ಒಪ್ಪಿಗೆ ಕೊಡ್ತು. ಚಳಿಗಾಲಕ್ಕೆ ದೂರದ ದೇಶಗಳಿಂದ ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿಗಳು ಬರ್ತವೆ, ರಾತ್ರಿ ಮರದ ಮೇಲಲ್ಲ, ಹುಲ್ಲಿನ ಮಧ್ಯೆ ನೆಲದಲ್ಲೇ ಮಲಗ್ತವೆ. ಅದಕ್ಕೇ ಕಾರು ಬೈಕು ರೋಡಲ್ಲೇ ನಿಲ್ಲಿಸಿ, ಹುಲ್ಲಿನ ಮೇಲೆ ಓಡಿಸ್ಬೇಡಿ, ಇರೋ ಕಾಲುದಾರಿಯಲ್ಲೇ ನಡೀರಿ. ನೆರಳು ಇರಲ್ಲ, ಟೋಪಿ, ನೀರು ನೀವೇ ತಗೊಂಡೋಗಿ, ಖಾಲಿ ಬಾಟ್ಲಿನೂ ವಾಪಸ್ ತನ್ನಿ.