ಲ್ಯಾಬ್ ವರದಿಗೆ ಸಿಗದ ಸೋಂಕು

1950ರ ದಶಕದಲ್ಲಿ ಪೆನಿಸಿಲಿನ್‌ಗೆ ಬಗ್ಗದ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬ್ರಿಟನ್ನಿನ ಆಸ್ಪತ್ರೆಗಳನ್ನು ಕಾಡುತ್ತಿತ್ತು. ಆಸ್ಪತ್ರೆಯಲ್ಲೇ ತಗಲುವ ಸೋಂಕಿನ ಲೆಕ್ಕಕ್ಕೆ ಆಧಾರ ಲ್ಯಾಬ್ ವರದಿ ಮಾತ್ರ. ಸ್ವಾಬ್ (ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದ ಮಾದರಿ) ಕಳಿಸದ ಗಾಯ ಎಷ್ಟೇ ಕೀವಾದರೂ ಲೆಕ್ಕಕ್ಕಿಲ್ಲ. 1959ರಲ್ಲಿ ಡೆವನ್‌ನ ಟಾರ್ಕಿಯಲ್ಲಿ ಡಾ. ಬ್ರೆಂಡನ್ ಮೂರ್ ಅವರ ಮುತುವರ್ಜಿಯಿಂದ ಇ. ಎಂ. ಕಾಟ್ರೆಲ್ ಎಂಬ ನರ್ಸ್ ಇಂಥ ಸೋಂಕು ಪತ್ತೆಹಚ್ಚಿ ತಡೆಯುವ ಕೆಲಸಕ್ಕೆಂದೇ ನೇಮಕಗೊಂಡರು. ವಾರ್ಡಿಗೇ ಹೋಗಿ ಹುಡುಕುವುದು ಅಲ್ಲಿಂದ ಒಂದು ಹುದ್ದೆಯಾಯಿತು.

ಇದರಿಂದ ಲಾಭವೇನೆಂದು ಅಳೆದದ್ದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ನಡೆಸಿದ ಸೆನಿಕ್ ಅಧ್ಯಯನ. 250 ಹಾಸಿಗೆಗೆ ಒಬ್ಬ ಸೋಂಕು ನಿಯಂತ್ರಣ ನರ್ಸ್, ಜೊತೆಗೆ ತರಬೇತಾದ ವೈದ್ಯ, ಸರ್ಜನ್‌ಗಳಿಗೆ ಅವರವರ ರೋಗಿಗಳ ಸೋಂಕಿನ ಅಂಕಿ ತಿಳಿಸುವ ಪದ್ಧತಿ ಇದ್ದಲ್ಲಿ ಸೋಂಕು ಶೇ 32ರಷ್ಟು ತಗ್ಗುತ್ತದೆಂದು 1985ರಲ್ಲಿ ಪ್ರಕಟವಾಯಿತು. ಈಗ ವಿಶ್ವ ಆರೋಗ್ಯ ಸಂಸ್ಥೆ 100 ಹಾಸಿಗೆಗೆ ಒಬ್ಬರಿದ್ದರೆ ಒಳ್ಳೆಯದು ಎನ್ನುತ್ತದೆ.

ಎಣಿಕೆಯೇ ಇಲ್ಲಿ ಕಷ್ಟದ ಕೆಲಸ. ಪ್ರತಿದಿನ ಒಂದೇ ಹೊತ್ತಿಗೆ ಎಷ್ಟು ರೋಗಿಗಳಿಗೆ ಮೂತ್ರದ ಕ್ಯಾತಿಟರ್ (ಮೂತ್ರ ಹೊರತರುವ ಕೊಳವೆ) ಇದೆ ಎಂದು ಬರೆದುಕೊಳ್ಳಬೇಕು. ಈ ದಿನದಿನದ ಎಣಿಕೆಗಳ ಮೊತ್ತವೇ ಕ್ಯಾತಿಟರ್ ದಿನ. ತಿಂಗಳಿಗೆ 600 ಕ್ಯಾತಿಟರ್ ದಿನ, 3 ಸೋಂಕು ಎಂದರೆ ಸಾವಿರ ಕ್ಯಾತಿಟರ್ ದಿನಕ್ಕೆ 5. ಭಾನುವಾರದ ಎಣಿಕೆ ತಪ್ಪಿದರೆ ಛೇದ ಕುಗ್ಗಿ ಪ್ರಮಾಣ ಸುಳ್ಳೇ ಏರುತ್ತದೆ. ಮೂತ್ರದ ಮಾದರಿಯನ್ನು ಅದು ತುಂಬುವ ಚೀಲದಿಂದ ತೆಗೆದರೂ ಹಾಗೆಯೇ, ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಕೊಳವೆಯಲ್ಲಿ ಮಾದರಿ ತೆಗೆಯಲೆಂದೇ ಇರುವ ಪೋರ್ಟ್ ಅನ್ನು ಸ್ಪಿರಿಟ್‌ನಿಂದ ಒರೆಸಿ ಸಿರಿಂಜಿನಲ್ಲಿ ಎಳೆದು, 2 ಗಂಟೆಯೊಳಗೆ ಲ್ಯಾಬ್ ಮುಟ್ಟಿಸಬೇಕು, ಆಗದಿದ್ದರೆ ಫ್ರಿಜ್‌ನಲ್ಲಿಡಬೇಕು. ತಿಂಗಳುಗಟ್ಟಲೆ ಸೊನ್ನೆ ಬರೆಯುವ ಐಸಿಯುವನ್ನು ಹೊಗಳುವ ಮೊದಲು, ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಎಷ್ಟು ಮಾದರಿ ಕಳಿಸಿದ್ದೀರಿ ಎಂದು ಕೇಳಬೇಕು.

ಈ ಮಾಮೂಲಿ ಅಂಕಿ ಕೈಯಲ್ಲಿದ್ದರೆ ಮಾತ್ರ ಏಕಾಏಕಿ ಏರಿದ್ದು ಗೊತ್ತಾಗುತ್ತದೆ. ನವಜಾತ ಶಿಶು ಘಟಕದಲ್ಲಿ ಒಂದೇ ವಾರ ಮೂರು ಮಕ್ಕಳ ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬಂತು ಎನ್ನೋಣ. ನರ್ಸ್ ಮೊದಲು ಪಟ್ಟಿ ಹಾಕುತ್ತಾರೆ: ದಾಖಲಾದ ದಿನ, ತೊಟ್ಟಿಲು, ಜ್ವರ ಶುರುವಾದ ದಿನ, ರಕ್ತನಾಳಕ್ಕೆ ಹಾಕಿದ ಲೈನ್ (ಕೊಳವೆ), ಕೊಟ್ಟ ದ್ರವ, ನೋಡಿಕೊಂಡವರು. ಪಟ್ಟಿಯಿಲ್ಲದೆ ಗೋಡೆ, ನಲ್ಲಿ, ಟ್ರಾಲಿಗೆಲ್ಲ ಸ್ವಾಬ್ ಹಾಕಿಸುವವರಿದ್ದಾರೆ. ಎಲ್ಲೆಡೆ ಏನಾದರೊಂದು ಬೆಳೆದೇ ಬೆಳೆಯುತ್ತದೆ, ಯಾವುದು ಮಗುವಿಗೆ ಮುಟ್ಟಿತೆಂದು ಹೇಳಲಾಗದು. ಪಟ್ಟಿಯಲ್ಲಿ ಮೂವರಿಗೂ ಸಮಾನವಾದದ್ದು ಸಿಕ್ಕರೆ ಹುಡುಕಾಟ ಅಲ್ಲಿಂದ. ಎಷ್ಟೋ ಸಲ ಅದು, ಎಲ್ಲರಿಗೂ ಸಿರಿಂಜ್ ತುಂಬಲು ರಬ್ಬರ್ ಮುಚ್ಚಳದಲ್ಲಿ ಸೂಜಿ ಚುಚ್ಚಿಯೇ ಬಿಟ್ಟ ಸಲೈನ್ ಬಾಟಲಿ. ಅದರ ಬಳಕೆ ತಕ್ಷಣ ನಿಲ್ಲಬೇಕು, ಆದರೆ ಗಾಬರಿಯಲ್ಲಿ ಎಸೆಯಬಾರದು; ಲ್ಯಾಬಿಗೆ ಹೋಗಬೇಕಾದದ್ದು ಅದೇ.